ಬಾವಿ ನೀರಿನಲ್ಲಿ ಬಡಿದ ಹೃದಯ

ಹೃದಯಕ್ಕೆ ಹೋಗುವ ನರಗಳ ಮೇಲೆ ನಾನು ಸಂಶೋಧನೆ ಶುರುಮಾಡಿದ್ದು ಅರವತ್ತರ ದಶಕದಲ್ಲಿ, ಮಧುರೆಯಲ್ಲಿ. ವಾರವೆಲ್ಲ ಪ್ರಯೋಗಾಲಯ. ಭಾನುವಾರ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ಕಪ್ಪೆಗಳನ್ನಿಟ್ಟುಕೊಂಡು ಹಳ್ಳಿ ಶಾಲೆಗಳಿಗೆ ಪಾಠ ಹೇಳಲು ಹೊರಡುತ್ತಿದ್ದೆ. ಬಸ್ಸಿನಲ್ಲಿ ಪಕ್ಕಕ್ಕೆ ಯಾರೂ ಕೂರುತ್ತಿರಲಿಲ್ಲ.

ಮೊದಲು ಹೋದದ್ದು ಸೋದರತ್ತೆಯ ಊರು ಕಾಮಯಗೌಂಡನ್‌ಪಟ್ಟಿಗೆ. ತೇನಿಯಲ್ಲಿ ಬಸ್ಸು ಬದಲಿಸುವಾಗ ಹಲವು ಲವಣ ಬೆರೆಸಿದ ದ್ರಾವಣದ ಬಾಟಲಿ ಕೈಜಾರಿ ಒಡೆಯಿತು. ಹೊರತೆಗೆದ ಕಪ್ಪೆಯ ಹೃದಯ ಬಡಿಯುತ್ತಿರಬೇಕಾದರೆ ಆ ದ್ರಾವಣ ಬೇಕೇ ಬೇಕು. ಪೆಚ್ಚುಮೋರೆ ಹಾಕಿಕೊಂಡು ಅತ್ತೆಯ ಮನೆ ಸೇರಿದೆ.

“ಉಪ್ಪು ನೀರು ತಾನೆ, ಕಣ್ಣಮ್ಮಾ? ನಮ್ಮನೇಲಿ ಉಪ್ಪಿಲ್ವಾ?” ಎಂದರು ಅತ್ತೆ.

ಬಾವಿ ನೀರಿಗೆ ಅವರದೇ ಕೈಯಳತೆಯ ಉಪ್ಪು ಬಿತ್ತು. ನಮ್ಮ ಪ್ರಯೋಗಾಲಯದಲ್ಲಿ ಬಟ್ಟಿ ಇಳಿಸಿದ ನೀರಿಗೆ ಬರೀ ಉಪ್ಪು ಹಾಕಿದರೆ ಹೃದಯಗಳು ಬೇಗನೆ ಸೋತು ನಿಲ್ಲುತ್ತಿದ್ದವು. ಶಾಲೆಯಲ್ಲಿ ಈ ನೀರಿಗೆ ಹಾಕಿದ ಹೃದಯ ನಿಲ್ಲಲಿಲ್ಲ. ಶಾಲೆಯ ಹುಡುಗಿಯರೆಲ್ಲ ಬಗ್ಗಿ ನೋಡಿದರು, ದ್ರಾಕ್ಷಿ ತೋಟದ ಹೆಂಗಸರೂ ಬಂದು ನೋಡಿದರು. ಹೃದಯ ಬಟ್ಟಲಲ್ಲಿ ಬಡಿಯುತ್ತಲೇ ಇತ್ತು.

“ತಲೆ ಇಲ್ಲ, ಒಡಲಿಲ್ಲ. ಯಾರು ಹೇಳಿ ಬಡೀತದೆ ಟೀಚರಮ್ಮಾ?” ಒಬ್ಬಾಕೆ ಕೇಳಿದಳು.

“ತಾನಾಗೇ ಬಡೀತದೆ. ಮೆಲ್ಲಗೆ, ಬೇಗ ಅಂತ ಮಾತ್ರ ನರ ಹೇಳ್ತದೆ.”

“ಹಂಗಾದ್ರೆ ನರ ನಮ್ಮ ಮೇಸ್ತ್ರಿ ತರ. ಕೆಲಸ ನಮ್ದು, ಬೇಗ ಬೇಗ ಅನ್ನೋದು ಅವನು.”

ಹೆಂಗಸರು ನಕ್ಕರು. ಎರಡು ವರ್ಷ ನಾನು ಓದಿದ್ದನ್ನು ಆಕೆ ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಊಟಕ್ಕೆ ಕೂತಾಗ, ಹೃದಯ ಯಾಕೆ ನಿಲ್ಲಲಿಲ್ಲವೋ ತಿಳಿಯದು ಎಂದೆ.

“ಅದೇನೋ ಕಾಣೆ. ಆ ನೀರಲ್ಲಿ ಪರುಪ್ಪು ಮಾತ್ರ ಬೇಯಲ್ಲ,” ಎಂದರು ಅತ್ತೆ ಬೇಳೆಸಾರು ಬಡಿಸುತ್ತ. “ಇದಕ್ಕೆ ಕಾಲುವೆ ನೀರು ತಂದೆ.”

ಎತ್ತಿದ ತುತ್ತು ಹಾಗೇ ನಿಂತಿತು. ಬೇಳೆ ಬೇಯದ ನೀರೆಂದರೆ ಗಡಸು ನೀರು, ಸುಣ್ಣದಂಶದ ನೀರು. ಹೃದಯಕ್ಕೆ ಕ್ಯಾಲ್ಸಿಯಂ ಬೇಕೆಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಬಾವಿಯ ನೀರಿನಲ್ಲೂ ಅದು ಇರುತ್ತದೆಂದು ಹೊಳೆದಿರಲಿಲ್ಲ.

ಎರಡು ಬಾಟಲಿ ಬಾವಿ ನೀರು ತುಂಬಿಕೊಂಡು ಮಧುರೆಗೆ ಮರಳಿದೆ. ನಮ್ಮ ಪ್ರೊಫೆಸರು ನನ್ನ ಕಥೆಯನ್ನೆಲ್ಲ ಕೇಳಿ, “ಇದು ಬಹಳ ಹಿಂದೆಯೇ ಕಂಡುಹಿಡಿದ ಸಂಗತಿಯಮ್ಮ,” ಎಂದರು. ನನ್ನ ಮುಖ ಬಾಡಿತು. “ಆದರೆ ಪಾಠಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು. ಮುಂದಿನ ಸಲ ನಾಡಿ ಬರೆಯುವ ಯಂತ್ರವನ್ನೂ ಒಯ್ಯಿ,” ಎಂದರು.

ಮುಂದಿನ ತಿಂಗಳು ಅದನ್ನು ಬೋಡಿನಾಯಕನೂರಿಗೆ ಹೊತ್ತೊಯ್ದೆ. ಏಲಕ್ಕಿ ಆರಿಸುವ ಹೆಂಗಸರು ಕೈ ಚಾಚಿಕೊಂಡು ಸಾಲು ನಿಂತರು. ಮಸಿ ಬಳಿದ ಕಾಗದದ ಮೇಲೆ ತಮ್ಮ ನಾಡಿಯ ಗೆರೆ ಏರಿಳಿಯುವುದನ್ನು ಕಂಡು, ಅದನ್ನು ಮನೆಗೆ ಕೊಡಿ ಎಂದು ಪಟ್ಟು ಹಿಡಿದರು. ತಂದ ಕಾಗದವೆಲ್ಲ ಅಲ್ಲೇ ಖಾಲಿಯಾಯಿತು.