ಟಾರ್ಚ್ ಮೇಡಂಗೆ ಬಂದ ಹಳೆಯ ಯಂತ್ರ

ಕಣ್ಣು ಪರೀಕ್ಷೆ ಮಾಡುವುದನ್ನು ಕಲಿಸುವ ಆ ಶಾಲೆಯಲ್ಲಿ ಅವರ ಹೆಸರು ಟಾರ್ಚ್ ಮೇಡಂ. ಮನೆಯಲ್ಲಿ ಕನ್ನಡಕ ಮರೆತು ಬಂದಾರು, ಕೈಚೀಲದ ಟಾರ್ಚನ್ನು ಮರೆಯುವವರಲ್ಲ. ಮರೆತರೆ ಪಾಠವೇ ನಡೆಯುತ್ತಿರಲಿಲ್ಲ. ನೂಲಿನಷ್ಟು ಸಣ್ಣ ಬೆಳಕನ್ನು ಕಣ್ಣೊಳಗೆ ಬಿಟ್ಟು, ಅದರ ಪದರಗಳನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಎಂಬ ಯಂತ್ರ ಶಾಲೆಯಲ್ಲಿ ಇರಲಿಲ್ಲ. ಮೇಡಂ ಅದನ್ನು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಆಮೇಲೆ ಎರಡು ತೂತು ಕೊರೆದ ರಟ್ಟಿನ ಡಬ್ಬಿಯ ಮುಂದೆ ಮಕ್ಕಳನ್ನು ಕೂರಿಸಿ ಅಭ್ಯಾಸ ಮಾಡಿಸುತ್ತಿದ್ದರು.

"ಇಲ್ಲದ ತಿರುಪು ತಿರುಗಿಸೋಕೆ ಕಲಿಸೋ ಗುರು ನಮ್ಮವರೊಬ್ಬರೇ" ಎಂದು ಮಕ್ಕಳು ನಗುತ್ತಿದ್ದರು. ಮೇಡಂ ನಗುತ್ತಿರಲಿಲ್ಲ. ಕಲಿತು ಹೊರಗೆ ಹೋದವರು ನಿಜವಾದ ಯಂತ್ರದ ಮುಂದೆ ಕೈಕಾಲು ಆಡದೆ ನಿಂತ ಸುದ್ದಿ ಅವರ ಕಿವಿಗೆ ಬೀಳುತ್ತಲೇ ಇತ್ತು.

ದೂರದ ದೇಶದ ವೈದ್ಯರೊಬ್ಬರು ವಯಸ್ಸಾಗಿ ತಮ್ಮ ಕ್ಲಿನಿಕ್ ಮುಚ್ಚಿ, ಅಲ್ಲಿದ್ದ ಯಂತ್ರವನ್ನು ಶಾಲೆಗೆ ಕಳಿಸಿದರು. ಮೇಡಂ ಹಿಗ್ಗಲಿಲ್ಲ. ಹಿಂದೊಮ್ಮೆ ಹೀಗೇ ದಾನವಾಗಿ ಬಂದದ್ದು ಕಾಲಿಲ್ಲದ ಕುರ್ಚಿ.

"ಇದೂ ಅವರ ಮನೆ ಗುಡಿಸಿದ ಕಸಾನೇ ಇರಬೇಕು ಸರ್, ನೋಡ್ತಿರಿ" ಎಂದರು ಪ್ರಾಂಶುಪಾಲರಿಗೆ.

ಪೆಟ್ಟಿಗೆ ಬಿಚ್ಚಿ ಜೋಡಿಸಿದ್ದಾಯಿತು. ದೀಪವೇನೋ ಹೊತ್ತಿತು. ಮೇಡಂ ನೋಡಿದರು, ಎಲ್ಲ ಮಸುಕು. ಪ್ರಾಂಶುಪಾಲರಿಗೂ ಮಸುಕು, ಮಕ್ಕಳಿಗೂ ಮಸುಕು.

"ನೀವು ಹೇಳಿದ್ದೇ ಸರಿ ಮೇಡಂ. ಗೋಡೌನ್‌ಗೆ ಹಾಕಿಸಿಬಿಡ್ತೀನಿ."

ಮುಂದಿನ ವಾರ ಕೊನೆಯ ವರ್ಷದವರ ಓದು ಮುಗಿಯುವುದಿತ್ತು. ಈ ತಂಡವೂ ರಟ್ಟಿನ ಡಬ್ಬಿಯೊಂದನ್ನೇ ಕಂಡು ಹೋಗುತ್ತದೆ. ತಮ್ಮ ಮಾತು ನಿಜವಾಯಿತೆಂದು ಮೇಡಂಗೆ ಮೊದಲ ಬಾರಿ ಬೇಸರವಾಯಿತು.

"ಮೇಡಂ, ಬೈಯಲ್ಲ ಅಂದ್ರೆ ಒಂದು ಕೇಳ್ಲಾ?" ತರಗತಿಯವರೆಲ್ಲ ತರಲೆ ಎಂದು ಕರೆಯುತ್ತಿದ್ದ ಹುಡುಗಿ ಬಾಯಿಬಿಟ್ಟಳು. "ಡಬ್ಬಿ ಮುಂದೆ ಕೂರಿಸಿ ಮೊದಲು ನಮ್ಮ ಕೈಲಿ ಏನು ಹೇಳಿಸ್ತಿದ್ರಿ?"

ಇಡೀ ತರಗತಿ ರಾಗವಾಗಿ ಒಪ್ಪಿಸಿತು: "ಮೊದಲು ಐಪೀಸನ್ನು ನಿನ್ನ ಕಣ್ಣಿಗೆ ಹೊಂದಿಸು!"

ಮೇಡಂ ನಾಲಿಗೆ ಕಚ್ಚಿಕೊಂಡರು. ವರ್ಷವರ್ಷವೂ ರಟ್ಟಿನ ಮೇಲೆ ಕಲಿಸಿದ ಪಾಠ ನಿಜವಾದ ಯಂತ್ರ ಕಂಡೊಡನೆ ಮರೆತೇ ಹೋಗಿತ್ತು. ಕಣ್ಣಿಟ್ಟು ನೋಡುವ ಗಾಜಿನ ಕೊಳವೆಗಳೇ ಐಪೀಸು; ಅವುಗಳ ಬಳೆಗಳು ಆ ವೈದ್ಯರ ದಪ್ಪ ಕನ್ನಡಕದ ಪವರಿಗೆ ತಿರುಗಿ ನಿಂತಿದ್ದವು. ಪಾಪ, ಅವರು ಕನ್ನಡಕ ತೆಗೆದಿಟ್ಟು ನೋಡುತ್ತಿದ್ದರು ಎಂದು ಕಾಣುತ್ತದೆ. ಮೇಡಂ ಎರಡನ್ನೂ ಸೊನ್ನೆಗೆ ತಂದರು.

"ಅಯ್ಯಯ್ಯೋ, ರೆಪ್ಪೆಕೂದಲು ಹಗ್ಗದ ಥರ ಕಾಣ್ತಿದೆ!" ಗೆಳೆಯನನ್ನು ಎದುರು ಕೂರಿಸಿ ನೋಡಿದ ಹುಡುಗನೊಬ್ಬ ಕೂಗಿದ.

ಪ್ರಾಂಶುಪಾಲರೂ ಬಗ್ಗಿ ನೋಡಿ "ಭಲೇ!" ಎಂದರು.

"ಗೋಡೌನ್ ಬೀಗ ತೆಗೆಸ್ಲಾ ಸರ್?" ಎಂದರು ಮೇಡಂ.

ಆದರೆ ತಮ್ಮ ಸರದಿ ಬಂದಾಗ ಅವರಿಗೆ ಇನ್ನೂ ತುಸು ಮಂಜು. ಬಳೆ ತಿರುಗಿಸಿದರು, ಗಾಜು ಒರೆಸಿದರು. ಮಂಜು ಹೋಗಲಿಲ್ಲ.

"ನೀವು ಈ ಕಡೆ, ರೋಗಿ ಜಾಗದಲ್ಲಿ ಕೂತ್ಕೊಳ್ಳಿ ಮೇಡಂ" ಎಂದಳು ತರಲೆ.

ಗುರುತಿಲ್ಲದ ಎಷ್ಟೋ ಜನರ ಗಲ್ಲ ತಾಗಿ ಬಣ್ಣ ಸವೆದಿದ್ದ ಆಸರೆಯ ಮೇಲೆ ಮೇಡಂ ಗಲ್ಲ ಇಟ್ಟರು. ತರಲೆ ನೋಡಿಯೇ ನೋಡಿದಳು. ಅವಳ ತಮಾಷೆಯೆಲ್ಲ ಎತ್ತ ಹೋಯಿತೋ.

"ಮೇಡಂ... ಬಲಗಣ್ಣಲ್ಲಿ ಪೊರೆ ಶುರುವಾಗಿದೆ."

"ಎಲ್ಲಿ?"

"ಮಸೂರದ ನಡುವೆ."

"ಖಾತ್ರೀನಾ?"

"ಖಾತ್ರಿ. ಬರೀ ಟಾರ್ಚಲ್ಲಿ ನೋಡಿದ್ದಿದ್ರೆ ಇಷ್ಟು ಬೇಗ ಗೊತ್ತಾಗ್ತಿರ್ಲಿಲ್ಲ."

"ಎಡಗಣ್ಣೂ ನೋಡು. ಅರ್ಧಕ್ಕೆ ಬಿಟ್ರೆ ಮಾರ್ಕ್ಸ್ ಇಲ್ಲ."

ಹಿಂದೆ ಸಾಲು ನಿಂತಿದ್ದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಆ ಪೊರೆಯನ್ನು ಕಣ್ಣಾರೆ ಕಾಣುವವರೆಗೂ ಮೇಡಂ ಅಲ್ಲಿಂದ ಏಳಲಿಲ್ಲ.

ಸಂಜೆ ಪ್ರಾಂಶುಪಾಲರು ಕೇಳಿದರು: "ಆ ವೈದ್ಯರಿಗೆ ಏನಂತ ತಿಳಿಸ್ಲಿ ಮೇಡಂ?"

"ನಾವು ನಿಮಗೆ ಋಣಿ, ಯಂತ್ರ ಜೋಡಿಸಿದ ದಿನವೇ ಅದಕ್ಕೆ ಮೊದಲ ರೋಗಿ ಸಿಕ್ಕಿದಳು ಅಂತ ತಿಳಿಸಿ." ಟಾರ್ಚನ್ನು ಕೈಚೀಲಕ್ಕೆ ಹಾಕುತ್ತಾ ಮೇಡಂ ಸೇರಿಸಿದರು, "ಕಸ ಅಂದದ್ದು ಮಾತ್ರ ನಮ್ಮಲ್ಲೇ ಇರಲಿ ಸರ್."