ಗಂಗವ್ವನ ಮನೆಯ ಏಳು ದಿನದ ತೂಕ

ಮೊನ್ನೆ ಹಾನಗಲ್ಲಿನ ಪೇಟೆಯಲ್ಲಿ ಬದನೆಕಾಯಿ ಕೊಳ್ಳುತ್ತಿದ್ದೆ. ಮಾರುವವಳು ತಕ್ಕಡಿ ಎತ್ತಿದಳೋ ಇಲ್ಲವೋ, ನನ್ನ ಸೊಂಟ ತಾನಾಗಿ ಬಗ್ಗಿ ಕಣ್ಣು ಮುಳ್ಳಿನ ಮಟ್ಟಕ್ಕೆ ಬಂದು ನಿಂತಿತು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಜಮಾನ್ರ, ಇದು ಬದನೀಕಾಯಿ ಐತ್ರಿ, ಬಂಗಾರ ಅಲ್ಲ” ಎಂದಳು. ಜಿಪುಣ ಎಂದು ನೀವೂ ಅಂದುಕೊಳ್ಳಬೇಡಿ. ಅದು ಹಳೆಯ ನೌಕರಿಯೊಂದು ಮೈಗೆ ಹತ್ತಿಸಿದ ಚಟ.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ಜನ ಏನು ಉಣ್ಣುತ್ತಾರೆ, ಎಷ್ಟು ಉಣ್ಣುತ್ತಾರೆ, ಅದು ಮೈಗೆ ಸಾಲುತ್ತದೆಯೇ ಎಂದು ತಿಳಿಯುವ ಆಸೆ ಸರಕಾರಕ್ಕೆ ಹುಟ್ಟಿತ್ತು. ಆಗ ನಾನು ಮ್ಯಾಟ್ರಿಕ್ ಮುಗಿಸಿ, ಸವಣೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಜಗಿಯುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ಅಂಥವನ ಕೈಗೆ ಒಂದು ತಕ್ಕಡಿ, ಒಂದು ಕಟ್ಟು ಅಚ್ಚಿನ ಹಾಳೆ ಬಂದವು. ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಲ್ಲಿ, ಆರಿಸಿದ ಮನೆಗಳಿಗೆ ಏಳು ದಿನ ಹೋಗಿ, ಒಲೆಗೆ ಹೋಗುವ ಮುಂಚೆ ಹಿಟ್ಟು, ಬೇಳೆ, ಎಣ್ಣೆ ಎಲ್ಲವನ್ನೂ ತೂಗಿ, ಅದರಲ್ಲಿ ಯಾರು ಎಷ್ಟು ಉಂಡರೆಂದು ಮನೆಮಂದಿಯ ಹೆಸರಿನ ಮುಂದೆ ಬರೆಯಬೇಕು. ನಮ್ಮ ಮೇಲಿನವರಾದ ಡಾಕ್ಟರ್ ಸಾಹೇಬರು ಹೊರಡುವಾಗ ಒಂದೇ ಮಾತು ಹೇಳಿದ್ದರು: “ತೂಗಿದ ಮನ್ಯಾಗ ನೀರ ಬಿಟ್ಟು ಬ್ಯಾರೆ ಏನೂ ಮುಟ್ಟಬ್ಯಾಡ್ರಿ.”

ನನಗೆ ಮರೆಯದ ಮನೆ ಬಸಣ್ಣೆಪ್ಪನದು. ಅವನು, ಅವನ ತಾಯಿ ನೀಲವ್ವ, ಹೆಂಡತಿ ಗಂಗವ್ವ, ಇಬ್ಬರು ಹುಡುಗಿಯರು, ಗಂಗವ್ವನ ಬಗಲಲ್ಲಿ ನಾಲ್ಕು ತಿಂಗಳ ಕೂಸು. ನಾನು ಜೋಳ ಜಪ್ತಿ ಮಾಡಲು ಬಂದವನಲ್ಲ ಎಂದು ನೀಲವ್ವನನ್ನು ನಂಬಿಸುವುದಕ್ಕೇ ಅರ್ಧ ದಿನ ಹಿಡಿಯಿತು. ನಂಬಿದ ಮೇಲೆ ಅವಳಿಗೆ ಬೇರೊಂದು ಚಿಂತೆ ಹತ್ತಿತು, ಉಣ್ಣುವ ಪದಾರ್ಥವನ್ನು ತೂಗಿದರೆ ದೃಷ್ಟಿಯಾಗುತ್ತದಲ್ಲ. ಪ್ರತಿ ತೂಕ ಮುಗಿದ ಕೂಡಲೇ ಮುದುಕಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಳು. ಆ ಮೆಣಸಿನಕಾಯಿಯನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ ಎಂದು ನಾನು ಕೆಮ್ಮುತ್ತ ಯೋಚಿಸುತ್ತಿದ್ದೆ.

ಇನ್ನು ಊಟದ ಮಾತು. ಮೊದಲ ದಿನವೇ ತಕ್ಕಡಿ ಕಟ್ಟಿಕೊಂಡು ಏಳುವಾಗ ನೀಲವ್ವ ಬಾಗಿಲಿಗೆ ಅಡ್ಡ ನಿಂತಳು.

“ಉಣ್ಣೂ ಹೊತ್ತಿನ್ಯಾಗ ಬಂದವರನ್ನ ಹಂಗ ಕಳಿಸಿದ್ರ ನಮ್ಮ ಮನಿತನ ಏನಾಗಬೇಕ ತಮ್ಮಾ? ಕುಂದರು.”

“ಸಾಹೇಬರು ಬೈತಾರ ಅವ್ವಾ.”

“ಎರಡ ರೊಟ್ಟಿ ತಿಂದ್ರ ಸರಕಾರ ಮುಳುಗಂಗಿಲ್ಲ.”

ಸರಕಾರ ಮುಳುಗುವುದಿಲ್ಲ ಎಂಬುದು ನನಗೂ ಖಾತ್ರಿಯಿತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ. ಕರ್ತವ್ಯನಿಷ್ಠೆ ಎಷ್ಟು ಹೊತ್ತು ತಡೆದೀತು, ನೀವೇ ಹೇಳಿ. ಹೀಗೆ ಆರು ದಿನ ಉಂಡೆ. ಬರೆದರೆ ಸಿಕ್ಕಿಬೀಳುತ್ತೇನೆಂದು ಹಾಳೆಯಲ್ಲಿ ಬರೆಯಲಿಲ್ಲ. ಗಂಗವ್ವ ಎಲ್ಲರಿಗೂ ಬಡಿಸಿ ಒಲೆಯ ಮುಂದೆ ಕೂತಿರುತ್ತಿದ್ದಳು. “ನಿಮ್ಮ ಊಟ ಆತೇನ್ರಿ ಅಕ್ಕಾರ?” ಎಂದರೆ “ಆಮ್ಯಾಲೆ ಉಣ್ತೇನ್ರಿ” ಎನ್ನುವಳು. ಉಳಿದದ್ದೆಲ್ಲ ಅವಳ ಪಾಲು ಎಂದು ಬರೆದುಕೊಂಡು ನಾನು ತೇಗುತ್ತ ಹೊರಡುತ್ತಿದ್ದೆ.

ಆರನೆಯ ದಿನ ಸಂಜೆ ಡಾಕ್ಟರ್ ಸಾಹೇಬರು ಮನೆಮಂದಿಯನ್ನು ಪರೀಕ್ಷಿಸಲು ಬಂದರು. ಊಟ ಸಾಲದ ಮನೆಗಳ ಬಾಣಂತಿಯರಿಗೆ ಹಾಲಿನ ಪುಡಿ, ರಕ್ತ ಹೆಚ್ಚಿಸುವ ಔಷಧ ಕೊಡುವುದಿತ್ತು. ಡಬ್ಬಿಗಳು ಕಡಿಮೆ, ಆದ್ದರಿಂದ ಪಟ್ಟಿ ನಮ್ಮ ಹಾಳೆ ನೋಡಿಯೇ ಆಗಬೇಕು. ಸಾಹೇಬರು ಗಂಗವ್ವನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಉಗುರು ಒತ್ತಿ ನೋಡಿದರು. ಹೊರಗೆ ಬಂದು ನನ್ನ ಹಾಳೆ ಬಿಡಿಸಿದರು.

“ಇದನ್ನ ನೋಡಿದ್ರ ಈ ಮನ್ಯಾಗ ಎಲ್ಲಾರೂ ಹೊಟ್ಟಿ ತುಂಬ ಉಣ್ತಾರ. ಆಕೀ ಮೈಯಾಗ ನೋಡಿದ್ರ ರಕ್ತನ ಇಲ್ಲ. ನಿಮ್ಮ ಹಾಳಿ ಖರೆ ಇದ್ರ ಆಕೀ ಹೆಸರು ಪಟ್ಟಿಗೆ ಬರಂಗಿಲ್ಲ.”

ನೌಕರಿ ಹೋದೀತೆಂಬ ಅಂಜಿಕೆಗೆ, ನಾನು ಉಂಡ ಸುದ್ದಿ ಎತ್ತದೆ ಹಾಳೆ ಮಡಚಿಕೊಂಡೆ.

ಮರುದಿನ ಹೊಟ್ಟೆನೋವೆಂದು ಸುಳ್ಳು ಹೇಳಿ ಊಟ ಬಿಟ್ಟೆ. ನೀಲವ್ವ ಅಜವಾನ ತಿನ್ನಿಸಿದಳು. ಎಲ್ಲರೂ ಉಂಡೇಳುವ ತನಕ ಕೂತಿದ್ದೆ. ಬುಟ್ಟಿಯಲ್ಲಿ ಎರಡೇ ರೊಟ್ಟಿ ಉಳಿದಿದ್ದವು. ಗಂಗವ್ವ ಅವೆರಡನ್ನೂ ತಾಟಿಗೆ ಹಾಕಿಕೊಂಡು ಕೂತಳು.

“ದಿನಾ ಎರಡ ಏನ್ರಿ ನೀವು ಉಣ್ಣೂದು?” ಎಂದೆ.

ಅವಳು ನಕ್ಕಳು. “ಇವತ್ತು ನಿಮ್ಮ ಹೊಟ್ಟಿ ಕೆಟ್ಟೈತೆಲ್ರಿ, ಅದಕ್ಕ ಎರಡು ಅದಾವು. ಇಲ್ಲಂದ್ರ ಮಜ್ಜಿಗಿ ಇರ್ತೈತಿ.”

ನನ್ನ ಮುಖ ನೋಡಿ ಅವಳಿಗೇ ಕನಿಕರ ಬಂದಿರಬೇಕು. “ನೀವು ಬರದಿದ್ರ ಮತ್ಯಾರರ ಬರ್ತಿದ್ರು ಬಿಡ್ರಿ” ಎಂದಳು. ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ.

ನೇರವಾಗಿ ಸಾಹೇಬರ ಬಿಡಾರಕ್ಕೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನನ್ನ ಹೊಟ್ಟೆಯನ್ನೇ ನೋಡಿದರು.

“ಅಂದ್ರ, ಏಳು ದಿನ ಬಾಣಂತಿ ಊಟ ನೀವ ಉಂಡ್ರಿ.”

“ಆರು ದಿನ, ಸಾಹೇಬ್ರ” ಎಂದೆ. ಲೆಕ್ಕದಲ್ಲಿ ನಾನು ಯಾವಾಗಲೂ ಕಟ್ಟುನಿಟ್ಟು.

ಹನ್ನೆರಡು ರೊಟ್ಟಿ ಕಳೆದು, ಆ ಮನೆಯಲ್ಲಿ ಅವಳ ಪಾಲಿಗೆ ಏನು ಉಳಿಯಿತೆಂದು ಹೊಸ ಹಾಳೆಯಲ್ಲಿ ಬರೆಸಿದರು. ಗಂಗವ್ವನ ಹೆಸರು ಪಟ್ಟಿಗೆ ಬಂತು. ನೌಕರಿಯಿಂದ ತೆಗೆಯಲಿಲ್ಲ. ಡಬ್ಬಿಗಳನ್ನು ಮಾತ್ರ ನನ್ನ ತಲೆಯ ಮೇಲೆ ಹೊರಿಸಿ ಅವಳ ಮನೆಗೆ ಕಳಿಸಿದರು. ಅಲ್ಲಿಂದ ಮುಂದೆ ಹಿರೇಕೆರೂರಿನ ಕಡೆಯ ಊರುಗಳಿಗೆ ತೂಗಲು ಹೋದಾಗೆಲ್ಲ ಬುತ್ತಿ ಕಟ್ಟಿಕೊಂಡೇ ಹೋದೆ.

ಇದನ್ನು ನಾನು ಎಷ್ಟು ಜನರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ, ಪಾಠ ಕಲಿತವನ ಜಂಬದಿಂದಲೇ ಹೇಳಿದ್ದೇನೆ. ಇವತ್ತು ಮಧ್ಯಾಹ್ನವೂ ಹಳೆಯ ಗೆಳೆಯನೊಬ್ಬನನ್ನು ಹೇಳದೆ ಕೇಳದೆ ಊಟಕ್ಕೆ ಕರೆತಂದು ಇದೇ ಕಥೆ ಹೇಳಿದೆ. ಅವನು ಹೋದ ಮೇಲೆ ಬರೆಯಲು ಕೂತೆ. ಇಷ್ಟು ಬರೆಯುವಷ್ಟರಲ್ಲಿ ಯಾಕೋ ಮನಸ್ಸು ತಡೆಯಲಿಲ್ಲ, ಎದ್ದು ಅಡುಗೆಮನೆಗೆ ಹೋದೆ.

“ನಿಂದು ಊಟ ಆತೇನು?” ಎಂದೆ.

“ಆತ್ರಿ” ಎಂದಳು ಹೆಂಡತಿ, ತಿರುಗಿ ನೋಡದೆ. ಮದುವೆಯಾದಾಗಿನಿಂದ ಈ ಉತ್ತರವನ್ನು ಕೇಳಿ ನಂಬಿಕೊಂಡು ಬಂದಿದ್ದೇನೆ. ಇವತ್ತು ಮೊದಲ ಸಲ ಕಣ್ಣು ಹಾಯಿಸಿದೆ. ತೊಳೆಯಲು ಇಟ್ಟದ್ದು ಎರಡು ತಾಟು, ನನ್ನದು ಮತ್ತು ಗೆಳೆಯನದು. ಅವಳ ತಾಟು ಒಣಗಿದ್ದು ಒಣಗಿದಂತೆಯೇ ಗೋಡೆಗೆ ಆನಿಸಿತ್ತು.

ನಾನು ಹಿಟ್ಟಿನ ಡಬ್ಬಿ ಕೆಳಗಿಳಿಸಿದೆ. ರೊಟ್ಟಿ ಬಡಿಯಲು ನನಗೆ ಬರುವುದಿಲ್ಲವೆಂದು ಆಮೇಲೆ ನೆನಪಾಯಿತು.