ಭಾವನ ತಲೆ ಬೋಳಿಸಿದವನು

ಬಂದರಿನ ಗೋದಾಮುಗಳ ಹಿಂದಿನ ಬೀದಿಯಲ್ಲಿ ಅವನಿಗೊಂದು ಕ್ಷೌರದ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಕುರ್ಚಿ, ಮೂಲೆ ಒಡೆದ ಕನ್ನಡಿ, ಗೋಡೆಯ ಮೊಳೆಗೆ ನೇತುಹಾಕಿದ ಚರ್ಮದ ಪಟ್ಟಿ. ಆ ಪಟ್ಟಿಗೆ ಕತ್ತಿ ಉಜ್ಜುತ್ತ ಅವನು ಮಾತು ತೆಗೆದರೆ ಗಿರಾಕಿಗೆ ತನ್ನ ಗಡ್ಡ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಬೀದಿಯವರು ಅವನನ್ನು ಬೆಣ್ಣೆಗೈ ಎನ್ನುತ್ತಿದ್ದರು. "ಎಂಥಾ ದೊರೆ ಆದ್ರೂ ನನ್ನ ಮುಂದೆ ತಲೆ ತಗ್ಗಿಸ್ಲೇಬೇಕು ಕಣ್ರೀ" ಎಂದು ಅವನು ಹೇಳಿದಾಗಲೆಲ್ಲ, ನೂರು ಸಲ ಕೇಳಿದವರೂ ಮತ್ತೆ ನಗುತ್ತಿದ್ದರು.

ಆಗ ದೊರೆಗಳೆಂದರೆ ಹಡಗಿನಲ್ಲಿ ಬಂದಿಳಿದವರು. ಬಂದರು, ಕಚೇರಿ, ಜೈಲು ಎಲ್ಲವೂ ಅವರ ಕೈಯಲ್ಲಿತ್ತು. ಬೆಣ್ಣೆಗೈ ಆಗಾಗ ಜೈಲಿಗೂ ಹೋಗಿ ಕೈದಿಗಳ ಗಡ್ಡ ಕೆರೆದು ಬರುತ್ತಿದ್ದ. ಹೆತ್ತವರಿಲ್ಲದ ಅವನನ್ನು ಸಾಕಿದವಳು ಅಕ್ಕ. ಕಸುಬು ಕಲಿಯಲಿ ಎಂದು ಕೈಗೆ ಕತ್ತರಿ ಕೊಡಿಸಿದವನು ಭಾವ. ಅವನು ಬಂದರಿನಲ್ಲಿ ಮೂಟೆ ಹೊರುವ ಹಮಾಲಿ. ಅವರ ಮನೆ ಅಂಗಡಿಯ ಬೆನ್ನಿಗೇ ಇತ್ತು. ಬೆಣ್ಣೆಗೈಯ ಊಟವೆಲ್ಲ ಅಲ್ಲೇ.

ಒಂದು ವರ್ಷ ದೊರೆಗಳು ಹಮಾಲಿಗಳ ವಾರದ ರಜೆಯನ್ನು ಕಿತ್ತುಕೊಂಡರು. ಹಡಗು ಕಾಯುವುದಿಲ್ಲ ಎಂದರು. ದಣಿದವರು ಸಂಜೆಯ ಹೊತ್ತು ಒಬ್ಬ ಮುದಿ ಬಡಗಿಯ ಚಪ್ಪರದಡಿ ಸೇರತೊಡಗಿದರು. ಬಡಗಿಯಜ್ಜ ಮರದ ಹೊಟ್ಟಿನ ಮೇಲೆ ಕೂತು ಹಾಡುತ್ತಿದ್ದ, ಹಾಡಿನ ನಡುವೆ ಎರಡು ಮಾತು ಹೇಳುತ್ತಿದ್ದ. ಲೋಕ ಕಟ್ಟಿ ಏಳನೆಯ ದಿನ ದೇವರೇ ದಣಿವಾರಿಸಿಕೊಂಡ ಮೇಲೆ ನಮ್ಮನ್ನು ದಣಿಸುವವರು ಯಾರು ಎನ್ನುತ್ತಿದ್ದ. ಭಾವ ಮೊದಮೊದಲು ಹಾಡಿನ ಆಸೆಗೆ ಹೋದ. ಆಮೇಲೆ ಮುಂದಿನ ಸಾಲಿನಲ್ಲೇ ಕೂರತೊಡಗಿದ.

ಅಜ್ಜನ ತಲೆಗೂದಲು ಆಗ ಹೆಗಲು ಮುಟ್ಟುತ್ತಿತ್ತು. ಜ್ವರ ಬಂದು ನೆತ್ತಿಯ ಮೇಲೆ ಹುಣ್ಣಾದಾಗ, ಮಾಯುವ ತನಕ ಕತ್ತಿ ತಾಗಿಸಬೇಡಿ ಎಂದವನು ಬೆಣ್ಣೆಗೈಯೇ. ಹುಣ್ಣು ಮಾಯಿತು, ಅಜ್ಜ ಕೂದಲಿನ ಗೊಡವೆಗೆ ಹೋಗಲಿಲ್ಲ. ಅವನ ಮೇಲಿನ ಅಕ್ಕರೆಗೆ ಒಂದಷ್ಟು ಹಮಾಲಿಗಳೂ ಕೂದಲು ಬಿಟ್ಟರು. ಭಾವನೂ ಬಿಟ್ಟ. "ಮನೇಲಿ ಈಗ ಎರಡು ಜಡೆ. ಎಣ್ಣೆ ತರೋರು ಯಾರು?" ಎಂದು ಅಕ್ಕ ಛೇಡಿಸಿದಳು.

ಅಷ್ಟರಲ್ಲಿ ಹಮಾಲಿಗಳು ರಜೆಯ ದಿನ ಮೂಟೆ ಮುಟ್ಟುವುದಿಲ್ಲ ಎಂದು ಕೂತುಬಿಟ್ಟರು. ಹಡಗು ನಿಂತಲ್ಲೇ ನಿಂತಿತು. ಹೊಸದಾಗಿ ಬಂದಿದ್ದ ಸಾಹೇಬ ಹಿಂದೆ ಬೇರೊಂದು ಸೀಮೆಯನ್ನು ಆಳಿ ಬಂದವನು. ಅಲ್ಲಿ ಉದ್ದ ಕೂದಲಿನವರು ದಂಗೆಯೆದ್ದು ಕಚೇರಿ ಸುಟ್ಟಿದ್ದರಂತೆ. ಅವನ ಕಣ್ಣಿಗೆ ರಜೆ ಬೀಳಲಿಲ್ಲ, ಕೂದಲು ಬಿತ್ತು. ಜಡೆ ಬಿಟ್ಟವರೆಲ್ಲ ರಾಜದ್ರೋಹಿಗಳು, ಹಿಡಿದು ತಂದು ತಲೆ ಬೋಳಿಸಿ ಎಂದು ಹುಕುಂ ಹೊರಡಿಸಿದ.

ಬೆಣ್ಣೆಗೈ ಎದ್ದುಬಿದ್ದು ಜೈಲರನ ಬಳಿ ಓಡಿದ. ಜೈಲರ ಊರಿನವನೇ.

"ಸ್ವಾಮಿ, ಅದು ಹುಣ್ಣಿಗೆ ಅಂತ ಬಿಟ್ಟ ಕೂದಲು. ಬಿಡಿ ಅಂದೋನು ನಾನೇ. ಅದ್ರಲ್ಲಿ ದ್ರೋಹ ಗೀಹ ಏನೂ ಇಲ್ಲ."

"ಇದನ್ನ ಸಾಹೇಬ್ರಿಗೆ ಹೇಳಿದ್ರೆ ನನ್ನ ತಲೇನೂ ಬೋಳಿಸ್ತಾರೆ. ಹೋಗಯ್ಯ ಸುಮ್ನೆ" ಎಂದ ಜೈಲರ.

ಅಲ್ಲಿಂದ ಸೀದಾ ಭಾವನ ಬಳಿ ಬಂದ. "ಭಾವ, ನಿಮ್ಮ ಕಾಲಿಗೆ ಬೀಳ್ತೀನಿ. ಈಗ್ಲೇ ಕತ್ತರಿಸಿಬಿಡ್ತೀನಿ, ಬರೀ ಕೂದಲು ತಾನೆ?"

"ನಿನ್ನೆ ತನಕ ಬರೀ ಕೂದಲೇ" ಎಂದ ಭಾವ. "ಅವ್ರು ಬೋಳಿಸ್ತೀವಿ ಅಂದ್ಮೇಲೆ ಅದು ಬರೀ ಕೂದಲು ಹೇಗಾಗುತ್ತೆ ಹೇಳು?"

ಮಾರನೆಯ ದಿನ ಅಜ್ಜನನ್ನೂ ಭಾವನನ್ನೂ ಇನ್ನೂ ಹಲವರನ್ನೂ ಹಿಡಿದುಕೊಂಡು ಹೋದರು. ಚಪ್ಪರದ ಕಡೆ ತಲೆಹಾಕಿಯೂ ಮಲಗದಿದ್ದ ಅಂಗಡಿಯವರು, ಮೇಷ್ಟರು, ಗುಮಾಸ್ತರು ಕೂಡ ಕ್ಷೌರ ನಿಲ್ಲಿಸಿದರು. ಅಜ್ಜನ ಹಾಡುಗಳು ಬೀದಿಬೀದಿಯಲ್ಲಿ ಕೇಳತೊಡಗಿದವು.

ಜೈಲಿನ ಅಂಗಳದಲ್ಲಿ ಬೆಳಗಿನ ಬಿಸಿಲಿಗೆ ಒಂದು ಸ್ಟೂಲು ಹಾಕಿದ್ದರು, ಪಕ್ಕದಲ್ಲಿ ಒಂದು ಬಕೆಟ್ಟು. ಬೋಳಿಸಲು ಕರೆಸಿದ್ದ ಬೆಣ್ಣೆಗೈ ಕೈಮುಗಿದು, ನನ್ನಿಂದಾಗದು ಎಂದ. ಜೈಲರ ಪೊಲೀಸನೊಬ್ಬನಿಗೆ ಕಣ್ಸನ್ನೆ ಮಾಡಿದ. ಆ ಪೊಲೀಸ ಕುರಿಯ ಉಣ್ಣೆ ತೆಗೆಯುವ ಕತ್ತರಿ ಹಿಡಿದು ಮೊದಲ ಹಮಾಲಿಯ ತಲೆಗೆ ಹಾಕಿದ. ಕೂದಲಿನ ಜೊತೆ ಚರ್ಮವೂ ಬಂತು. ರಕ್ತ ಕಿವಿಯ ಹಿಂದಿನಿಂದ ಇಳಿದು ಅಂಗಿಯೊಳಗೆ ಹೋಯಿತು. ಎರಡನೆಯವನನ್ನು ಕೂರಿಸುವಷ್ಟರಲ್ಲಿ ಬೆಣ್ಣೆಗೈ ಮುಂದೆ ಬಂದು ತನ್ನ ಪೆಟ್ಟಿಗೆ ಬಿಚ್ಚಿದ.

ಅಜ್ಜ ಕಣ್ಮುಚ್ಚಿ ಕೂತ. ಆಮೇಲೆ ಭಾವನ ಸರದಿ ಬಂತು.

"ನಾನು ಮಾಡ್ದಿದ್ರೆ ಅವ್ರು..." ಎಂದು ಬೆಣ್ಣೆಗೈ ತೊದಲಿದ.

"ಗೊತ್ತು, ಮಾಡು. ಆದ್ರೆ ನಿಮ್ಮಕ್ಕಂಗೆ ನೀನೇ ಹೋಗಿ ಹೇಳು. ಬೇರೆಯವ್ರ ಬಾಯಿಂದ ಅವ್ಳು ಕೇಳ್ಬಾರ್ದು."

ಕೈ ನಡುಗಲಿಲ್ಲ, ಅದೇ ಅವನಿಗೆ ಕೊನೆಯವರೆಗೂ ಸಹಿಸಲಾಗದೆ ಉಳಿಯಿತು. ಇಪ್ಪತ್ತು ವರ್ಷ ಪಳಗಿದ ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತು.

ಎಷ್ಟು ಓಡಿದರೂ ಸುದ್ದಿ ಅವನಿಗಿಂತ ಮುಂಚೆ ಮನೆ ಮುಟ್ಟಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಯಾರ ಕೈ?"

"ನಂದೇ ಅಕ್ಕ."

"ರಕ್ತ ಬಂತಾ?"

"ಇಲ್ಲ ಅಕ್ಕ. ಒಂದು ಹನೀನೂ ಬರ್ಲಿಲ್ಲ."

"ಬಂದಿದ್ರೆ ಚೆನ್ನಾಗಿತ್ತು" ಎಂದಳು ಅಕ್ಕ, ಬಾಗಿಲು ಹಾಕಿಕೊಂಡಳು.

ಅಜ್ಜನನ್ನೂ ಭಾವನನ್ನೂ ಹಡಗು ಹತ್ತಿಸಿ ದೂರದ ತೋಟಗಳ ಕೂಲಿಗೆ ಕಳಿಸಿದರು. ಅಲ್ಲಿಂದ ತಿರುಗಿ ಬಂದವನೊಬ್ಬ, ಇಬ್ಬರೂ ಜ್ವರದಲ್ಲಿ ಹೋದರು ಎಂದ. ಬೆಣ್ಣೆಗೈಯ ಕುರ್ಚಿ ಖಾಲಿ ಬಿತ್ತು. ಬೀದಿಯಲ್ಲಿ ಅವನ ಅಡ್ಡಹೆಸರೂ ನಿಂತುಹೋಯಿತು. ಭಾವನ ತಲೆ ಬೋಳಿಸಿದವನು ಎಂದರೆ ಸಾಕಾಗಿತ್ತು.

ವರ್ಷಗಳು ಕಳೆದವು. ಜಡೆಯವರ ಗುಂಪು ಊರೂರಿಗೆ ಹಬ್ಬಿತು. ಕೊನೆಗೊಂದು ದಿನ ದೊರೆಗಳು ಗಂಟುಮೂಟೆ ಕಟ್ಟಿದರು, ಕಚೇರಿಯ ಕುರ್ಚಿಗಳಲ್ಲಿ ಜಡೆಯವರು ಕೂತರು. ಚಪ್ಪರವಿದ್ದಲ್ಲಿ ದೊಡ್ಡ ಸಭಾಂಗಣ ಎದ್ದಿತು. ಅದರ ಗೋಡೆಯ ಮೇಲಿನ ಚಿತ್ರದಲ್ಲಿ ಅಜ್ಜನ ಕೂದಲು ಮೊಣಕಾಲು ಮುಟ್ಟುತ್ತಿತ್ತು. ಕತ್ತರಿ ಮುಟ್ಟಬೇಡ ಎಂದು ದೇವರೇ ಅಜ್ಜನ ಕಿವಿಯಲ್ಲಿ ಹೇಳಿದ್ದ ಎಂದು ಮಕ್ಕಳಿಗೆ ಕಲಿಸಿದರು. ಬೆಣ್ಣೆಗೈ ಒಮ್ಮೆ ಹುಣ್ಣಿನ ಮಾತು ಎತ್ತಿದ. ಒಬ್ಬ ತರುಣ ಅವನ ಕೊರಳಪಟ್ಟಿ ಹಿಡಿದ. ಜೊತೆಯವರು, "ಬಿಡೋ, ಮುದುಕನಿಗೆ ಅರಳುಮರಳು" ಎಂದು ಬಿಡಿಸಿದರು. ಕ್ಷೌರದಂಗಡಿಗಳಿಗೆಲ್ಲ ಬೀಗ ಬಿತ್ತು. ಹಮಾಲಿಗಳು ವಾರವಿಡೀ ಮೂಟೆ ಹೊರುತ್ತಲೇ ಇದ್ದರು. ಹಡಗು ಈಗಲೂ ಕಾಯುವುದಿಲ್ಲವಂತೆ. ಅವನು ಸಾಣೆಚಕ್ರ ಹೊತ್ತು ಮನೆಮನೆಯ ಚಾಕು ಮಸೆಯುತ್ತ ಹೊಟ್ಟೆ ಹೊರೆದ.

ಅಕ್ಕನನ್ನು ಪ್ರತಿವರ್ಷ ವೇದಿಕೆಗೆ ಕರೆದು ಹಾರ ಹಾಕುತ್ತಿದ್ದರು. ಅವನು ರಸ್ತೆಯ ಆಚೆಬದಿ ನಿಂತು ನೋಡುತ್ತಿದ್ದ. ಅವಳು ಒಮ್ಮೆಯೂ ಇತ್ತ ನೋಡಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದು, "ನಿಮ್ಮಕ್ಕ ಹಾಸಿಗೆ ಹಿಡಿದಿದಾರೆ, ಬರ್ಬೇಕಂತೆ" ಎಂದಳು. ಅವನು ಚಕ್ರವನ್ನು ಅಲ್ಲೇ ಬಿಟ್ಟು ಹೋದ. ಅಕ್ಕ ಗೋಡೆ ಕಡೆ ಮುಖಮಾಡಿ ಮಲಗಿದ್ದಳು. ಕೈ ಎತ್ತಲಾಗದೆ ಕೂದಲೆಲ್ಲ ಸಿಕ್ಕುಗಟ್ಟಿ ಹೇನು ಬಿದ್ದಿತ್ತು. ಹುತಾತ್ಮನ ಹೆಂಡತಿಯ ಜಡೆ ಮುಟ್ಟಲು ಬೇರೆ ಹೆಂಗಸರು ಹೆದರಿದ್ದರು.

"ಕತ್ತರಿ ತಂದಿಲ್ಲ ತಾನೆ?"

ಅವನು ಎರಡೂ ಅಂಗೈ ಬಿಚ್ಚಿ ತೋರಿಸಿದ.

"ತುಂಬಾ ನವೆ ಕಣೋ" ಎಂದಳು.

ಕತ್ತರಿಸಿದ್ದರೆ ಕ್ಷಣದ ಕೆಲಸ. ಅವನು ಎಣ್ಣೆ ಹಚ್ಚಿ, ತುದಿಯಿಂದ ಮೇಲಕ್ಕೆ ಎಳೆ ಎಳೆ ಬಿಡಿಸತೊಡಗಿದ. ದಿನಾ ಹೋಗಿ ಅಷ್ಟಷ್ಟು ಬಿಡಿಸಿದ. ಹಳೆಯ ಮಾತು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅರ್ಧ ತಲೆ ಹಸನಾಗುವಷ್ಟರಲ್ಲಿ ಅವಳು ತೀರಿಕೊಂಡಳು.

ಹೆಣವನ್ನು ಸಭಾಂಗಣದವರು ತಮ್ಮದೆಂದು ಎತ್ತಿಕೊಂಡು ಹೋದರು. ಬಾವುಟ, ಹಾಡು, ಜನಸಾಗರ. ಹೆಗಲು ಕೊಡಲು ಹೋದವನನ್ನು ಒಬ್ಬ ಸ್ವಯಂಸೇವಕ ತಡೆದ. "ಬೋಳುತಲೆಯವ್ರು ಮೆರವಣಿಗೆ ಒಳಗೆ ಬರಂಗಿಲ್ಲ."

"ಇದು ತಾನಾಗೇ ಉದುರಿದ್ದು ಕಣಪ್ಪ, ಬೋಳಿಸಿದ್ದಲ್ಲ. ನಾನು ಅವಳ ತಮ್ಮ."

ಹಾಡಿನ ಗದ್ದಲದಲ್ಲಿ ಆ ತರುಣನಿಗೆ ಅದು ಕೇಳಿಸಿತೋ ಇಲ್ಲವೋ, ತೋಳು ಹಿಡಿದು ಚರಂಡಿಯ ಬದಿಗೆ ಸರಿಸಿದ. ಮೆರವಣಿಗೆ ದಾಟುವ ತನಕ ಅವನು ಅಲ್ಲೇ ನಿಂತ. ಮಣ್ಣು ಮಾಡುವ ಜಾಗಕ್ಕೆ ಹೋಗಿ ಸೇರುವಷ್ಟರಲ್ಲಿ ಗುಂಡಿ ಮುಚ್ಚಿ ಜನ ಚದುರುತ್ತಿದ್ದರು. ಹಸಿಮಣ್ಣಿನ ಪಕ್ಕ ಸ್ವಲ್ಪ ಹೊತ್ತು ಕೂತ. ಮಾಡುವುದಕ್ಕೆ ಏನೂ ಇರಲಿಲ್ಲ. ಎದ್ದು ಮನೆಗೆ ಹೋದ.